ಇಂಪ್ಲಾಂಟ್ ಹಾಕಿಸಿ ಹತ್ತು ವರ್ಷ ದಾಟಿತು, ಬದಲಾಯಿಸಲೇಬೇಕಾ?

ಹೂಬಳ್ಳಿ, ಬನಶಂಕರಿ

ಎಲ್ಲರಿಗೂ ನಮಸ್ಕಾರ. ಈ ವಿಷಯ ಮನೆಯಲ್ಲೂ ಜಾಸ್ತಿ ಮಾತಾಡುವಂಥದ್ದಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನನಗೆ ಎಡ ಎದೆಯಲ್ಲಿ ಕ್ಯಾನ್ಸರ್ ಆಗಿತ್ತು. ಎದೆ ತೆಗೆದು ಆ ಜಾಗಕ್ಕೆ ಸಿಲಿಕಾನ್ ಇಂಪ್ಲಾಂಟ್ ಇಟ್ಟರು. 2013ರ ಮಾತು. ಕೀಮೋ, ರೇಡಿಯೇಷನ್ ಎಲ್ಲಾ ಮುಗಿದು ಈಗ ಆರಾಮಾಗಿದ್ದೇನೆ. ವರ್ಷಕ್ಕೊಮ್ಮೆ ಚೆಕಪ್ ಇದ್ದೇ ಇದೆ.

ಮೊನ್ನೆ ಮುಖದ ಮೇಲಿನ ಕಲೆ ತೋರಿಸೋಕೆ ಅಂತ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಹೆಸರು ಬೇಡ. ಹಿಂದೆ ಏನೇನು ಆಪರೇಷನ್ ಆಗಿದೆ ಅಂತ ಫಾರಂನಲ್ಲಿ ಬರೆಯಬೇಕಲ್ಲ, ಬರೆದೆ. ಅಲ್ಲಿನ ಕೌನ್ಸೆಲರ್ ಹುಡುಗಿ ಅದನ್ನು ನೋಡಿ "ಮೇಡಂ, ನಿಮ್ಮ ಇಂಪ್ಲಾಂಟ್ ಎಕ್ಸ್‌ಪೈರ್ ಆಗಿ ಎಷ್ಟೋ ದಿನ ಆಯ್ತು, ಅದರ ಲೈಫ್ ಹತ್ತೇ ವರ್ಷ" ಅಂದಳು. ಈ ತಿಂಗಳು ಬುಕ್ ಮಾಡಿದರೆ ರಿಯಾಯಿತಿಯೂ ಇದೆಯಂತೆ. ಆವತ್ತಿಂದ ಸರಿಯಾಗಿ ನಿದ್ದೆ ಇಲ್ಲ. ನನ್ನ ಕ್ಯಾನ್ಸರ್ ಡಾಕ್ಟರ್ ಯಾವತ್ತೂ ಹೀಗೆ ಹೇಳಿಲ್ಲ. ಯಾರಿಗಾದರೂ ಅನುಭವ ಇದೆಯಾ?

ರಾಜಾಜಿನಗರದ ರಾಣಿ

ಅಕ್ಕ, ಇದೇನು ಹಾಲಿನ ಪ್ಯಾಕೆಟ್ಟಾ, ತಾರೀಖು ದಾಟಿದ ತಕ್ಷಣ ಒಡೆದು ಹೋಗೋಕೆ? ದುಡ್ಡು ಕೀಳೋ ದಾರಿ ಅಷ್ಟೇ.

ನಾನು ಚೆಂದ ಕಾಣಬೇಕು ಅಂತಲೇ ಹಾಕಿಸಿಕೊಂಡವಳು. ಹೇಳಿಕೊಳ್ಳೋಕೆ ನನಗೇನೂ ಸಂಕೋಚ ಇಲ್ಲ. ಹದಿನಾಲ್ಕು ವರ್ಷ ಆಯ್ತು. ನೋವಿಲ್ಲ, ಗಂಟಿಲ್ಲ, ಆಕಾರ ಹಾಗೇ ಇದೆ. ಒಂದು ಸಲವೂ ಸ್ಕ್ಯಾನ್ ಮಾಡಿಸಿಲ್ಲ. ಪ್ರಪಂಚದಲ್ಲೇ ಮೊದಲ ಸಲ ಸಿಲಿಕಾನ್ ಇಂಪ್ಲಾಂಟ್ ಹಾಕಿಸಿಕೊಂಡ ಹೆಂಗಸು ಟಿಮ್ಮಿ ಜೀನ್ ಲಿಂಡ್ಸಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ, 1962ರಲ್ಲಿ. ಐವತ್ತು ವರ್ಷ ಆದಮೇಲೂ ಅವರ ಎದೆಯಲ್ಲಿ ಅದೇ ಇತ್ತು. ಹತ್ತು ವರ್ಷವಂತೆ ಹತ್ತು ವರ್ಷ!

ಹೊಲಿಗೆ ಡಾಕ್ಟ್ರು

ನಾನು ಪ್ಲಾಸ್ಟಿಕ್ ಸರ್ಜರಿ ಕಲಿಯುತ್ತಿರುವ ರೆಸಿಡೆಂಟ್. ಇಲ್ಲಿ ಬರೆಯೋದು ಸಾಮಾನ್ಯ ಮಾಹಿತಿ. ನಿಮ್ಮನ್ನು ಮುಟ್ಟಿ ಪರೀಕ್ಷೆ ಮಾಡಿದ ಡಾಕ್ಟರ್ ಮಾತನ್ನೇ ಕೊನೆ ಅಂತ ಇಟ್ಟುಕೊಳ್ಳಿ.

ಎಕ್ಸ್‌ಪೈರಿ ತಾರೀಖು ಅನ್ನೋದು ಇದೆ, ಆದರೆ ಅದು ಡಬ್ಬಿಯ ಮೇಲೆ ಇರೋದು. ಆ ತಾರೀಖಿನೊಳಗೆ ಅದನ್ನು ತೆರೆದು ಬಳಸಬೇಕು, ಆಮೇಲೆ ಒಳಗಿರೋದು ಸ್ಟೆರೈಲ್ ಅನ್ನೋ ಖಾತ್ರಿ ಇಲ್ಲ, ಅಷ್ಟೇ ಅದರ ಅರ್ಥ. ದೇಹದೊಳಗೆ ಹೋದಮೇಲೆ ಅಂಥ ತಾರೀಖು ಇಲ್ಲ.

ಹಾಗಾದರೆ ಹತ್ತು ಎಲ್ಲಿಂದ ಬಂತು? ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2006ರಲ್ಲಿ ಸಿಲಿಕಾನ್ ಜೆಲ್ ಇಂಪ್ಲಾಂಟ್‌ಗಳಿಗೆ ಮತ್ತೆ ಒಪ್ಪಿಗೆ ಕೊಟ್ಟಿತು. ಆಗ ಕಂಪನಿಗಳು ಮಾಡಬೇಕಾಗಿದ್ದ ಮುಖ್ಯ ಅಧ್ಯಯನಗಳು ಹೆಂಗಸರನ್ನು ಹತ್ತು ವರ್ಷ ಹಿಂಬಾಲಿಸಿ ನೋಡುವಂಥವು. ಅದಕ್ಕೇ ಎಲ್ಲಾ ಲೆಕ್ಕವೂ ಹತ್ತಕ್ಕೆ ಬಂದು ನಿಲ್ಲುತ್ತದೆ. 2011ರಲ್ಲಿ ಎಫ್‌ಡಿಎ ಹೇಳಿದ ಲೆಕ್ಕ ಹೀಗಿತ್ತು: ಅಂದಕ್ಕಾಗಿ ಹಾಕಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರಿಗೆ, ಕ್ಯಾನ್ಸರ್ ಆದಮೇಲೆ ಎದೆ ಕಟ್ಟಿಸಿಕೊಂಡವರಲ್ಲಿ ಇಬ್ಬರಲ್ಲಿ ಒಬ್ಬರಿಗೆ, ಹತ್ತು ವರ್ಷದೊಳಗೆ ತೆಗೆಸಬೇಕಾಗಿ ಬರಬಹುದು. ಇದನ್ನು ಎರಡೂ ಕಡೆಯಿಂದ ಓದಿ. ಅಂದಕ್ಕೆ ಹಾಕಿಸಿಕೊಂಡ ಐವರಲ್ಲಿ ನಾಲ್ವರಿಗೆ ಹತ್ತು ವರ್ಷದಲ್ಲಿ ತೆಗೆಸಬೇಕಾಗಿ ಬರಲಿಲ್ಲ. ಆದರೆ "ಒಮ್ಮೆ ಹಾಕಿಸಿದರೆ ಸಾಯುವ ತನಕ" ಅನ್ನೋದೂ ಸುಳ್ಳು. ಇದು ಜೀವನಪೂರ್ತಿ ಇರೋ ಸಾಧನ ಅಲ್ಲ ಅಂತ ಎಫ್‌ಡಿಎ ನೇರವಾಗಿಯೇ ಹೇಳುತ್ತದೆ. ವರ್ಷ ಕಳೆದಂತೆ ತೊಂದರೆಯ ಸಾಧ್ಯತೆ ಏರುತ್ತಾ ಹೋಗುತ್ತದೆ.

ರಾಣಿ ಅವರೇ, ಲಿಂಡ್ಸಿ ಅವರ ಕಥೆ ನಿಜ. ಆದರೆ ಅದು ಒಬ್ಬರ ಕಥೆ.

ಹಳೆಯದಾಗುವುದು ಅಂದರೆ ಏನು? ಮೇಲಿನ ಚೀಲ ಸಿಲಿಕಾನ್ ರಬ್ಬರಿನದು, ಒಳಗೆ ಜೆಲ್. ಚೀಲದಲ್ಲಿ ಎಲ್ಲಾದರೂ ಮಡಿಕೆ ಬಿದ್ದರೆ ನಡೆದಾಗ, ಕೈ ಎತ್ತಿದಾಗ, ಅದೇ ಜಾಗ ಮತ್ತೆ ಮತ್ತೆ ಉಜ್ಜಿ ತೆಳುವಾಗುತ್ತದೆ. ಒಂದು ದಿನ ಬಿರುಕು. ಇನ್ನೊಂದು ಕಡೆ ದೇಹ ಅದರ ಸುತ್ತ ತನ್ನದೇ ಒಂದು ಪೊರೆ ಕಟ್ಟುತ್ತದೆ. ಇದು ಎಲ್ಲರಿಗೂ ಆಗುತ್ತದೆ, ರೋಗ ಅಲ್ಲ. ಕೆಲವರಲ್ಲಿ ಮಾತ್ರ ಆ ಪೊರೆ ದಪ್ಪಗಾಗಿ, ಬಿಗಿದು, ಇಂಪ್ಲಾಂಟನ್ನು ಹಿಂಡುತ್ತದೆ. ಅದನ್ನು ಬೇಕರ್ ಗ್ರೇಡ್ ಅಂತ 1ರಿಂದ 4ರವರೆಗೆ ಅಳೆಯುತ್ತೇವೆ. 1 ಅಂದರೆ ಮೆತ್ತಗೆ, ಏನೂ ಗೊತ್ತಾಗಲ್ಲ. 2 ಅಂದರೆ ಮುಟ್ಟಿದರೆ ಸ್ವಲ್ಪ ಗಟ್ಟಿ. 3ರಲ್ಲಿ ಕಣ್ಣಿಗೂ ಕಾಣುತ್ತದೆ. 4ರಲ್ಲಿ ನೋವೂ ಸೇರಿಕೊಳ್ಳುತ್ತದೆ. ರೇಡಿಯೇಷನ್ ಆದವರಲ್ಲಿ ಇದು ಜಾಸ್ತಿ.

ಹೂಬಳ್ಳಿ ಅವರೇ, ಅದಕ್ಕೇ ಕೇಳುತ್ತಿದ್ದೇನೆ. ಎಡಗಡೆ ಗಟ್ಟಿ ಅನ್ನಿಸುತ್ತಾ? ಮೇಲಕ್ಕೆ ಸರಿದಿದೆಯಾ? ಕಂಕುಳಲ್ಲಿ ಏನಾದರೂ ಕೈಗೆ ಸಿಗುತ್ತಾ?

ಹೂಬಳ್ಳಿ, ಬನಶಂಕರಿ

ಡಾಕ್ಟ್ರೇ, ಉತ್ತರಕ್ಕೆ ಥ್ಯಾಂಕ್ಸ್. ಕಂಕುಳಲ್ಲಿ ಏನೂ ಇಲ್ಲ. ನೋವೂ ಇಲ್ಲ. ಗಟ್ಟಿ ಅಂದರೆ… ಮೊದಲಿಂದಲೂ ಆ ಕಡೆ ಸ್ವಲ್ಪ ಬಿಗಿಯೇ, ರೇಡಿಯೇಷನ್ ಆದಮೇಲೆ ಚರ್ಮವೇ ಹಾಗೆ ಅಂದುಕೊಂಡಿದ್ದೆ.

ಆದರೆ ನೀವು "ಮೇಲಕ್ಕೆ ಸರಿದಿದೆಯಾ" ಅಂದಾಗ ಒಂದು ನೆನಪಾಯ್ತು. ಗಾಂಧಿ ಬಜಾರ್ ಹತ್ತಿರ ನಮ್ಮ ಹಳೇ ಟೈಲರ್ ಒಬ್ಬರಿದ್ದಾರೆ, ನನ್ನ ಬ್ಲೌಸ್‌ಗಳೆಲ್ಲಾ ಅವರದೇ. ಮೊದಲೆಲ್ಲಾ ಅಳತೆ ಬ್ಲೌಸ್ ಕೊಟ್ಟರೆ ಸಾಕಿತ್ತು. ಈಚೆಗೆ ಅವರು ಎಡಗಡೆ ಟಕ್ಸ್ ಅನ್ನು ಬಲಗಡೆಗಿಂತ ಅರ್ಧ ಇಂಚು ಮೇಲೆ ಹಿಡಿಯುತ್ತಾರೆ. ನಾನು ಹೇಳಿದ್ದಲ್ಲ, ಅವರೇ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು "ಈ ಕಡೆ ಸುಕ್ಕು ಬೀಳ್ತಿದೆ ಅಮ್ಮ, ಸರಿ ಮಾಡಿ ಕೊಡ್ತೀನಿ" ಅಂದಿದ್ದರು. ಕಳೆದ ಎರಡು ಮೂರು ವರ್ಷದಿಂದ ಹೀಗೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹೊಲಿಗೆ ಡಾಕ್ಟ್ರು

ಇದೆ. ನಿಮ್ಮ ಟೈಲರ್‌ಗೆ ನಮ್ಮ ಓಪಿಡಿಯಲ್ಲಿ ಒಂದು ಕುರ್ಚಿ ಹಾಕಬಹುದು. ಪೊರೆ ಬಿಗಿದರೆ ಇಂಪ್ಲಾಂಟ್ ನಿಧಾನಕ್ಕೆ ಮೇಲಕ್ಕೆ ಸರಿಯುತ್ತದೆ. ಭಯ ಪಡುವಂಥದ್ದಲ್ಲ, ಆದರೆ ತೋರಿಸಬೇಕು. ಚರ್ಮದ ಕ್ಲಿನಿಕ್‌ಗೆ ಅಲ್ಲ. ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಮೊದಲು ಹೇಳಿ, ಅವರ ಮೂಲಕ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ.

ಸ್ಕ್ಯಾನ್ ರೂಮು, ಜಯನಗರ

ನಾನು ಎಂಆರ್‌ಐ ಟೆಕ್ನಿಷಿಯನ್. ಸ್ಕ್ಯಾನ್ ವಿಷಯ ನಾನು ಹೇಳುತ್ತೇನೆ.

ಸಲೈನ್ ಇಂಪ್ಲಾಂಟ್ ಆದರೆ ಸ್ಕ್ಯಾನ್ ತಲೆನೋವೇ ಇಲ್ಲ. ಸೋರಿದರೆ ಕೆಲವೇ ದಿನದಲ್ಲಿ ಎದೆ ಚಪ್ಪಟೆ ಆಗುತ್ತದೆ, ಉಪ್ಪುನೀರನ್ನು ದೇಹ ಹೀರಿಕೊಳ್ಳುತ್ತದೆ. ಕನ್ನಡಿ ಸಾಕು. ಸಿಲಿಕಾನ್ ಕಥೆ ಬೇರೆ. ಚೀಲ ಒಡೆದರೂ ಜೆಲ್ ಹೊರಗೆ ಹರಿದು ಹೋಗಲ್ಲ, ಸುತ್ತ ಇರೋ ಪೊರೆಯೊಳಗೇ ಕೂತಿರುತ್ತದೆ. ಆಕಾರ ಹಾಗೇ, ನೋವೂ ಇಲ್ಲ. ಇದನ್ನು ಸೈಲೆಂಟ್ ರಪ್ಚರ್ ಎನ್ನುತ್ತಾರೆ. ರಾಣಿ ಮೇಡಂ, "ಏನೂ ಆಗಿಲ್ಲ" ಅಂತ ನೀವು ಹೇಳುವುದು ಹೊರಗಿನಿಂದ ನೋಡಿ. ಒಳಗೆ ಯಾರೂ ನೋಡಿಲ್ಲ ಅಲ್ವಾ?

2020ರಿಂದ ಎಫ್‌ಡಿಎ ಸಲಹೆ ಹೀಗಿದೆ: ಏನೂ ತೊಂದರೆ ಇಲ್ಲದಿದ್ದರೂ ಸಿಲಿಕಾನ್ ಹಾಕಿಸಿದ 5ರಿಂದ 6 ವರ್ಷಕ್ಕೆ ಮೊದಲ ಸಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2ರಿಂದ 3 ವರ್ಷಕ್ಕೊಮ್ಮೆ. ಅದಕ್ಕೂ ಮೊದಲು 3ನೇ ವರ್ಷಕ್ಕೇ ಎಂಆರ್‌ಐ ಅಂತ ಇತ್ತು. ಅಷ್ಟು ಖರ್ಚು ಯಾರು ಮಾಡುತ್ತಾರೆ, ಯಾರೂ ಮಾಡಿಸುತ್ತಿರಲಿಲ್ಲ. ಈಗ ಅಲ್ಟ್ರಾಸೌಂಡ್ ಕೂಡ ಆಗುತ್ತದೆ ಅಂದಿರೋದು ಒಳ್ಳೆಯದೇ ಆಯ್ತು. ಅದರಲ್ಲಿ ಅನುಮಾನ ಬಂದರೆ ಎಂಆರ್‌ಐ.

ಬುಕ್ ಮಾಡುವಾಗ ಇದನ್ನೆಲ್ಲಾ ಕೇಳಿ, ನಾಚಿಕೊಳ್ಳಬೇಡಿ. ಬ್ರೆಸ್ಟ್ ಕಾಯಿಲ್, ಅಂದರೆ ಎದೆಯ ಎಂಆರ್‌ಐಗೆ ಅಂತಲೇ ಇರೋ ಸಾಧನ, ಇದೆಯಾ ಅಂತ ಕೇಳಿ, ಎಲ್ಲಾ ಸೆಂಟರಲ್ಲೂ ಇರಲ್ಲ. ಡಾಕ್ಟರ್ ಚೀಟಿಯಲ್ಲಿ "ಇಂಪ್ಲಾಂಟ್ ಇದೆ, ರಪ್ಚರ್ ನೋಡಬೇಕು" ಅಂತ ಬರೆಸಿಕೊಳ್ಳಿ. ಸುಮ್ನೆ "ಎಂಆರ್‌ಐ ಬ್ರೆಸ್ಟ್" ಅಂತ ಬರೆದರೆ ನಾವು ಕ್ಯಾನ್ಸರ್ ನೋಡುವ ಥರ ಮಾಡಿ ಕಳಿಸುತ್ತೇವೆ. ರಪ್ಚರ್ ಮಾತ್ರ ನೋಡೋದಾದರೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಿಲ್ಲ. ಕ್ಯಾನ್ಸರ್ ಕೂಡ ನೋಡಬೇಕಾದರೆ ಬೇಕು. ಹೂಬಳ್ಳಿ ಅವರೇ, ನಿಮ್ಮ ಡಾಕ್ಟರ್ ಎರಡೂ ಕೇಳಬಹುದು, ಒಂದೇ ಸಲ ಮುಗಿಸಿಕೊಳ್ಳಿ. ಇನ್ನೊಂದು, ಎದೆ ಹಿಗ್ಗಿಸೋಕೆ ಅಂತ ತಾತ್ಕಾಲಿಕವಾಗಿ ಇಡುವ ಎಕ್ಸ್‌ಪ್ಯಾಂಡರ್ ಇನ್ನೂ ಒಳಗಿದ್ದರೆ ಮೊದಲೇ ಹೇಳಿಬಿಡಿ. ಕೆಲವುದರಲ್ಲಿ ಮ್ಯಾಗ್ನೆಟ್ ಇರುತ್ತದೆ, ಎಂಆರ್‌ಐ ಕೋಣೆಗೆ ಬಿಡೋ ಹಾಗಿಲ್ಲ.

ಅಮ್ಮನ ಫೈಲು

ನಾನು ಮಗಳು, ಅಮ್ಮನ ಪರವಾಗಿ ಕೇಳುತ್ತಿದ್ದೇನೆ. ಅಮ್ಮನಿಗೆ ಬಲಗಡೆ ಇಂಪ್ಲಾಂಟ್, ಒಂಬತ್ತು ವರ್ಷ ಆಗಿದೆ. ನಿನ್ನೆ ಕಬೋರ್ಡ್‌ನಿಂದ ಫೈಲ್ ತೆಗೆದು ನೋಡಿದರೆ ಇಂಪ್ಲಾಂಟ್‌ನ ವಿವರ ಇರೋ ಕಾರ್ಡಿನ ಮೇಲೆ "ಟೆಕ್ಸ್ಚರ್ಡ್" ಅಂತ ಇದೆ. ನೆಟ್‌ನಲ್ಲಿ ಹುಡುಕಿದೆ, ಕೈಕಾಲು ತಣ್ಣಗಾಯ್ತು. ಕ್ಯಾನ್ಸರ್ ಬರುತ್ತಂತೆ? ಒಂದು ಕ್ಯಾನ್ಸರ್ ದಾಟಿ ಬಂದವರು ನಮ್ಮಮ್ಮ. ಈಗಲೇ ತೆಗೆಸಬೇಕಾ?

ಹೊಲಿಗೆ ಡಾಕ್ಟ್ರು

ತಂಗಿ, ಮೊದಲು ಉಸಿರು ಬಿಡಿ.

ಮೇಲ್ಮೈ ಒರಟಾಗಿರುವ, ಅಂದರೆ ಟೆಕ್ಸ್ಚರ್ಡ್ ಇಂಪ್ಲಾಂಟ್‌ಗಳಿಗೂ ಒಂದು ಅಪರೂಪದ ಲಿಂಫೋಮಾಗೂ ಸಂಬಂಧ ಇದೆ. ಇದು ಎದೆಯ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಜೀವಕೋಶಗಳದು. ಹೆಸರು ಬಿಐಎ-ಎಎಲ್‌ಸಿಎಲ್. ಎಫ್‌ಡಿಎ 2011ರಲ್ಲಿ ಮೊದಲು ಎಚ್ಚರಿಸಿತು. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಮಾದರಿಯನ್ನು ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡಿತು. ಆದರೆ ಆಗಲೂ ಎಫ್‌ಡಿಎ ಹೇಳಿದ್ದು, ತೊಂದರೆ ಇಲ್ಲದವರು ಬರೀ ಭಯಕ್ಕೆ ತೆಗೆಸಬೇಕಿಲ್ಲ ಅಂತ. ಆಪರೇಷನ್ನಿಗೂ ಅದರದೇ ಅಪಾಯ ಇದೆಯಲ್ಲ.

ಗಮನ ಇಡಬೇಕಾದ್ದು ಇದಕ್ಕೆ: ಎಲ್ಲಾ ಸರಿಯಾಗಿ ವರ್ಷಗಳು ಕಳೆದ ಮೇಲೆ ಒಂದು ಎದೆ ಇದ್ದಕ್ಕಿದ್ದಂತೆ ಊದಿಕೊಂಡರೆ, ಹೊಸ ಗಂಟು ಕಂಡರೆ, ಒಂದೇ ಕಡೆ ನೋವು ಬಂದರೆ. ಊತಕ್ಕೆ ಕಾರಣ ಸುತ್ತ ತುಂಬಿದ ನೀರು. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಲ್ಲಿ ಆ ನೀರು ತೆಗೆದು ಸಿಡಿ30 ಅನ್ನೋ ಗುರುತು ಇದೆಯಾ ಅಂತ ಲ್ಯಾಬ್‌ನಲ್ಲಿ ನೋಡುತ್ತಾರೆ. ಬೇಗ ಸಿಕ್ಕರೆ ಇಂಪ್ಲಾಂಟ್ ಮತ್ತು ಪೂರ್ತಿ ಪೊರೆ ತೆಗೆದರೆ ಹೆಚ್ಚಿನವರಿಗೆ ಅಲ್ಲಿಗೇ ಮುಗಿಯುತ್ತದೆ. ಇಂಥ ಊತಕ್ಕೆ ಸುಮ್ನೆ ಆಂಟಿಬಯೋಟಿಕ್ ನುಂಗಿಕೊಂಡು ತಿಂಗಳುಗಟ್ಟಲೆ ಕೂರಬೇಡಿ ಅಂತ ಮಾತ್ರ ಅಮ್ಮನಿಗೆ ಹೇಳಿ. ಮುಂದಿನ ಚೆಕಪ್‌ಗೆ ಹೋದಾಗ ಆ ಕಾರ್ಡ್ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಸ್ಕ್ಯಾನ್ ರೂಮು, ಜಯನಗರ

ಕಾರ್ಡ್ ಅಂದ ಕೂಡಲೇ ಒಂದು ಮಾತು. ಅದರ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಇರುತ್ತದೆ: ಕಂಪನಿ, ಅಳತೆ ಎಷ್ಟು ಸಿಸಿ, ಸೀರಿಯಲ್ ನಂಬರ್, ಲಾಟ್ ನಂಬರ್, ನುಣುಪೋ ಒರಟೋ. ಎರಡೂ ಕಡೆ ಹಾಕಿದ್ದರೆ ಎರಡು ಸ್ಟಿಕ್ಕರ್. ಇದೇ ಸ್ಟಿಕ್ಕರ್‌ನ ಇನ್ನೊಂದು ಪ್ರತಿಯನ್ನು ಆಸ್ಪತ್ರೆಯ ಆಪರೇಷನ್ ನೋಟ್ಸ್‌ನಲ್ಲೂ ಅಂಟಿಸುವ ರೂಢಿ ಇದೆ. ಕಾರ್ಡ್ ಕಳೆದಿದ್ದರೆ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಅರ್ಜಿ ಕೊಟ್ಟು ಅದರ ಜೆರಾಕ್ಸ್ ಕೇಳಿ. ತಡ ಮಾಡಬೇಡಿ, ಹಳೇ ಫೈಲ್‌ಗಳನ್ನು ಎಷ್ಟೋ ಆಸ್ಪತ್ರೆಯವರು ಕೆಲವು ವರ್ಷ ಇಟ್ಟು ವಿಲೇವಾರಿ ಮಾಡಿಬಿಡುತ್ತಾರೆ.

ಫ್ರಾನ್ಸ್‌ನ ಪಿಐಪಿ ಕಂಪನಿ ವೈದ್ಯಕೀಯ ಸಿಲಿಕಾನ್ ಬದಲು ಕಾರ್ಖಾನೆಗಳಲ್ಲಿ ಬಳಸೋ ಅಗ್ಗದ ಸಿಲಿಕಾನ್ ತುಂಬಿ ಮಾರುತ್ತಿತ್ತು. 2010ರಲ್ಲಿ ಸಿಕ್ಕಿಬಿತ್ತು. ಅಷ್ಟೊತ್ತಿಗೆ ಬೇರೆ ಬೇರೆ ದೇಶದ ಸುಮಾರು 3 ಲಕ್ಷ ಹೆಂಗಸರ ಎದೆಯಲ್ಲಿ ಆ ಮಾಲು ಇತ್ತು. ಆಗ "ನನ್ನದು ಯಾವ ಕಂಪನಿ" ಅಂತ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಎಷ್ಟು ವ್ಯತ್ಯಾಸ ಆಗಿರಬೇಕು ಯೋಚನೆ ಮಾಡಿ. ಮಾಲೀಕನಿಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆ ಆಯ್ತು.

ನಿರ್ವಾಹಕರು

"ದೇವರು ಕೊಟ್ಟಿದ್ದು ಸಾಲದಾ" ಎಂಬ ಧಾಟಿಯ ಎರಡು ಕಮೆಂಟ್ ತೆಗೆದಿದ್ದೇವೆ. ಕೇಳದೇ ಇರೋ ಬುದ್ಧಿವಾದ ಇಲ್ಲಿ ಬೇಡ.

ದೇಹಶುದ್ಧಿ

ಯಾರೂ ನಿಜ ಹೇಳುತ್ತಿಲ್ಲ. ಇಂಪ್ಲಾಂಟ್ ಅನ್ನೋದೇ ವಿಷ. ಸುಸ್ತು, ಕೀಲು ನೋವು, ಮರೆವು, ಕೂದಲು ಉದುರೋದು ಎಲ್ಲಾ ಅದರಿಂದಲೇ. ಸ್ಕ್ಯಾನ್ ಗೀನ್ ಏನೂ ಬೇಡ, ಪೊರೆ ಸಮೇತ ಇಡಿಯಾಗಿ ತೆಗೆಸಿಬಿಡಿ. ಎನ್ ಬ್ಲಾಕ್ ಅಂತ ಕೇಳಿ ಮಾಡಿಸಿ, ಬೇರೆ ಏನಕ್ಕೂ ಒಪ್ಪಬೇಡಿ.

ಹೊಲಿಗೆ ಡಾಕ್ಟ್ರು

ಅರ್ಧ ಒಪ್ಪುತ್ತೇನೆ. ಈ ತೊಂದರೆಗಳನ್ನು ಹೇಳುವ ಹೆಂಗಸರು ಸುಳ್ಳು ಹೇಳುತ್ತಿಲ್ಲ. 2021ರಲ್ಲಿ ಎಫ್‌ಡಿಎ ಕಡ್ಡಾಯ ಮಾಡಿದ ಕಪ್ಪು ಚೌಕಟ್ಟಿನ ಎಚ್ಚರಿಕೆಯಲ್ಲೂ ಇವುಗಳ ಉಲ್ಲೇಖ ಇದೆ. ತೆಗೆಸಿದ ಮೇಲೆ ಕೆಲವರಿಗೆ ಹಗುರ ಆಗಿದ್ದೂ ಇದೆ. ಆದರೆ ಇದನ್ನು ಖಚಿತ ಮಾಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಸುಸ್ತು, ಕೂದಲು ಉದುರುವುದು ಅಂದರೆ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಡಿ, ಬಿ12 ನೋಡಿಸಿ. ಬೆಂಗಳೂರಲ್ಲಿ ನಲವತ್ತು ದಾಟಿದ ಹೆಂಗಸರಲ್ಲಿ ಇವೆಲ್ಲಾ ಸರಿ ಇರೋರು ನನ್ನ ಓಪಿಡಿಯಲ್ಲಂತೂ ಅಪರೂಪ.

ಎನ್ ಬ್ಲಾಕ್ ಅಂದರೆ ಪೊರೆಯನ್ನು ಎಲ್ಲೂ ತೆರೆಯದೆ ಇಂಪ್ಲಾಂಟ್ ಸಮೇತ ಒಂದೇ ತುಂಡಾಗಿ ತೆಗೆಯೋದು. ಆ ಲಿಂಫೋಮಾ ಇದ್ದವರಿಗೆ ಅದು ಬೇಕು. ಎಲ್ಲರಿಗೂ ಬೇಡ. ಪೊರೆಯ ಹಿಂಭಾಗ ಎಷ್ಟೋ ಸಲ ಪಕ್ಕೆಲುಬಿಗೆ ಅಂಟಿರುತ್ತದೆ. ಅದನ್ನು ಹಠ ಹಿಡಿದು ಕೆರೆಯೋಕೆ ಹೋದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುವ ಅಪಾಯ ಇದೆ. ತೆಳ್ಳಗೆ ಆರೋಗ್ಯವಾಗಿರೋ ಪೊರೆಯನ್ನು ಬಿಟ್ಟರೂ ತೊಂದರೆ ಇಲ್ಲ. ದಪ್ಪಗಾಗಿದ್ದರೆ, ಸುಣ್ಣ ಕಟ್ಟಿದ್ದರೆ, ಒಡೆದ ಜೆಲ್ ಹತ್ತಿಕೊಂಡಿದ್ದರೆ ತೆಗೆಯುತ್ತೇವೆ.

ದೇಹಶುದ್ಧಿ

ನಿಮ್ಮಂಥ ಡಾಕ್ಟರುಗಳೇ ಹಾಕೋದು, ನೀವೇ ಬೇಡ ಅಂತೀರಾ?

ರಾಜಾಜಿನಗರದ ರಾಣಿ

ರೀ, ಅವರು ತೆಗೀಬೇಡಿ ಅಂದಿಲ್ಲ, ಎಲುಬು ಕೆರೀಬೇಡಿ ಅಂದರು. ಪೂರ್ತಿ ಓದಿ.

ಹೂಬಳ್ಳಿ, ಬನಶಂಕರಿ

ಅಪ್‌ಡೇಟ್ ಕೊಡುತ್ತಿದ್ದೇನೆ. ಡಾಕ್ಟರ್ ಹತ್ತಿರ ಹೋಗಿದ್ದೆ, ಎಂಆರ್‌ಐ ಆಯ್ತು.

ಮಾಡಿಸದವರಿಗೆ ಹೇಳಿಬಿಡುತ್ತೇನೆ, ಬೋರಲು ಮಲಗಬೇಕು. ಹಲಗೆಯಲ್ಲಿ ಎರಡು ಗುಂಡಿ ಇರುತ್ತದೆ, ಎದೆ ಅದರೊಳಗೆ ಇಳಿಯಬೇಕು. ಕೈ ತಲೆಯ ಮೇಲೆ ಚಾಚಿರಬೇಕು. ನನಗೆ ಎಡ ಕಂಕುಳಲ್ಲಿ ಲಿಂಫ್ ಗಂಟುಗಳನ್ನು (ದುಗ್ಧಗ್ರಂಥಿ) ತೆಗೆದಿರೋದರಿಂದ ಆ ಕೈ ಅಷ್ಟು ಹೊತ್ತು ಚಾಚೋದೇ ಕಷ್ಟ ಆಯ್ತು. ಅಲ್ಲಿದ್ದ ಹುಡುಗಿಗೆ ಹೇಳಿದೆ, ಮೊಣಕೈ ಕೆಳಗೆ ಸ್ಪಂಜಿನ ದಿಂಬು ಕೊಟ್ಟಳು. ಮೊದಲೇ ಕೇಳಿ ಇಸಕೊಳ್ಳಿ. ಸದ್ದು ಜೋರು. ಕಿವಿಗೆ ಹತ್ತಿ ಸಾಲಲ್ಲ, ಹೆಡ್‌ಫೋನ್ ಕೊಡುತ್ತಾರೆ.

ರಿಪೋರ್ಟ್: ಇಂಪ್ಲಾಂಟ್ ಒಡೆದಿಲ್ಲ. ಕ್ಯಾನ್ಸರ್ ಸುಳಿವಿಲ್ಲ. ಪೊರೆ ಬಿಗಿದಿದೆ. ಸರ್ಜನ್ ಕೈಯಿಂದ ನೋಡಿ ಗ್ರೇಡ್ 3 ಅಂದರು. "ನೋವಿಲ್ಲ, ಒಡೆದಿಲ್ಲ, ಹಾಗಾಗಿ ತೆಗೆಯಲೇಬೇಕು ಅಂತ ನಾನು ಹೇಳಲ್ಲ. ನಿಮಗೆ ಕನ್ನಡಿಯಲ್ಲಿ ನೋಡಿ ಬೇಜಾರಾಗುತ್ತಿದ್ದರೆ ಮಾಡೋಣ" ಅಂದರು. ರೇಡಿಯೇಷನ್ ಆದ ಚರ್ಮ ವಾಸಿ ಆಗೋದು ನಿಧಾನವಂತೆ. ಹೊಸ ಇಂಪ್ಲಾಂಟ್ ಇಟ್ಟರೂ ಮತ್ತೆ ಬಿಗಿಯುವ ಸಾಧ್ಯತೆ ಇದೆಯಂತೆ. ಮಾಡುವುದಾದರೆ ಹೊಟ್ಟೆಯ ಅಥವಾ ಬೆನ್ನಿನ ನನ್ನದೇ ಮಾಂಸ ತಂದು ಕಟ್ಟೋದು ಒಳ್ಳೆಯದು, ಆದರೆ ಅದು ದೊಡ್ಡ ಆಪರೇಷನ್ ಅಂತ ವಿವರವಾಗಿ ಹೇಳಿದರು.

ನನಗೆ ಈಗ ಐವತ್ತೆಂಟು. ಸೀರೆ ಸೆರಗಿನಲ್ಲಿ ಯಾರಿಗೂ ಕಾಣಲ್ಲ. ಸದ್ಯಕ್ಕೆ ಬೇಡ ಅಂದೆ. ಎರಡು ವರ್ಷ ಬಿಟ್ಟು ಅಲ್ಟ್ರಾಸೌಂಡ್. ನಡುವೆ ನೋವು ಬಂದರೆ, ಊದಿಕೊಂಡರೆ ಆಗ ಯೋಚನೆ.

ಅಮ್ಮನ ಫೈಲು

ಆಂಟಿ, ಓದಿ ಸಮಾಧಾನ ಆಯ್ತು. ಅಮ್ಮನಿಗೂ ನಿಮ್ಮ ಪೋಸ್ಟ್ ಓದಿ ಹೇಳಿದೆ. ಇನ್ನೊಂದು ಡೌಟು: ಇಂಪ್ಲಾಂಟ್ ಇದ್ದರೆ ಮ್ಯಾಮೋಗ್ರಾಂನಲ್ಲಿ ಒತ್ತುವಾಗ ಒಡೆಯುತ್ತಾ? ಅಮ್ಮ ಆ ಭಯಕ್ಕೆ ಇನ್ನೊಂದು ಎದೆಯದ್ದೂ ಮಾಡಿಸದೆ ತಪ್ಪಿಸಿಕೊಳ್ಳುತ್ತಿದ್ದಾರೆ.

ಸ್ಕ್ಯಾನ್ ರೂಮು, ಜಯನಗರ

ಒಡೆಯೋದು ತೀರಾ ಅಪರೂಪ. ಅಮ್ಮನ ಇನ್ನೊಂದು ಎದೆಯಲ್ಲಿ ಇಂಪ್ಲಾಂಟೇ ಇಲ್ಲವಲ್ಲ, ಅಲ್ಲಿ ಆ ಪ್ರಶ್ನೆಯೇ ಇಲ್ಲ. ಅದನ್ನು ತಪ್ಪಿಸಬಾರದು, ಮಾಡಿಸಿ. ಅಂದಕ್ಕೆ ಹಾಕಿಸಿಕೊಂಡವರು ಒಳಗೆ ಹೋಗುವ ಮೊದಲೇ "ಇಂಪ್ಲಾಂಟ್ ಇದೆ" ಅಂತ ಹೇಳಬೇಕು. ಅವರಿಗೆ ಇಂಪ್ಲಾಂಟನ್ನು ಹಿಂದಕ್ಕೆ ತಳ್ಳಿ ಎದೆಯ ಭಾಗವನ್ನು ಮಾತ್ರ ಮುಂದಕ್ಕೆ ಎಳೆದು ಹೆಚ್ಚಿನ ಚಿತ್ರ ತೆಗೆಯುತ್ತೇವೆ. ವಿಮಾನ ಹತ್ತಿದರೆ ಒಡೆಯುತ್ತದೆ ಅನ್ನೋದೂ ಕಟ್ಟುಕಥೆ, ಯಾರಾದರೂ ಕೇಳೋ ಮೊದಲೇ ಹೇಳಿಬಿಡುತ್ತೇನೆ.

ರಾಜಾಜಿನಗರದ ರಾಣಿ

ಸರಿ, ನನ್ನ ಸರದಿ.

ನೀವೆಲ್ಲಾ ಸೇರಿ ತಲೆ ತಿಂದಿದ್ದಕ್ಕೆ ಅಲ್ಟ್ರಾಸೌಂಡ್ ಮಾಡಿಸಿದೆ. ರೇಡಿಯಾಲಜಿಸ್ಟ್ ಬಲಗಡೆ ಬಂದಾಗ ಮಾತು ನಿಲ್ಲಿಸಿದರು, ಅದೇ ಜಾಗದಲ್ಲಿ ಕಡ್ಡಿ ಆಡಿಸುತ್ತಾ ಇದ್ದರು. ಆಮೇಲೆ ಎಂಆರ್‌ಐ. ಬಲಗಡೆ ಒಡೆದಿದೆ. ಇಂಟ್ರಾಕ್ಯಾಪ್ಸುಲರ್ ಅಂತೆ, ಅಂದರೆ ಜೆಲ್ ಪೊರೆಯೊಳಗೇ ಇದೆಯಂತೆ, ಲಿಂಗ್ವಿನಿ ಸೈನ್ ಅಂತ ಬರೆದಿದ್ದಾರೆ. ಫಿಲ್ಮ್ ನೋಡಿದೆ, ಬಿಳಿ ಜೆಲ್ ನಡುವೆ ಕಪ್ಪು ಗೆರೆಗಳು ಅಲೆ ಅಲೆಯಾಗಿ ತೇಲುತ್ತಿವೆ. ಅದು ಕುಸಿದುಬಿದ್ದ ಚೀಲವಂತೆ. ಎಡಗಡೆ ಸರಿ ಇದೆ. ಯಾವಾಗ ಒಡೆಯಿತೋ ಯಾರಿಗೂ ಗೊತ್ತಿಲ್ಲ, ನನಗಂತೂ ಒಂದು ಚೂರೂ ಗೊತ್ತಾಗಿಲ್ಲ. ಈಗಲೂ ನೋವಿಲ್ಲ!

ಡಾಕ್ಟ್ರೇ, ಈಗ ಹೇಳಿ. ನಾಳೆಯೇ ಓಡಬೇಕಾ? ಒಂದೇ ಕಡೆ ಬದಲಾಯಿಸಬಹುದಾ? ನಂಗೆ ಹೊಸದು ಬೇಡ ಅನ್ನಿಸಿದರೆ ಎದೆ ಹೇಗಾಗುತ್ತೆ?

ಹೊಲಿಗೆ ಡಾಕ್ಟ್ರು

ನಾಳೆಯೇ ಓಡುವ ತುರ್ತು ಇಲ್ಲ. ಜೆಲ್ ಪೊರೆಯೊಳಗೇ ಇದೆ. ಇದರಿಂದ ಎದೆಯ ಕ್ಯಾನ್ಸರ್ ಬರುತ್ತೆ ಅನ್ನೋ ಆಧಾರವೂ ಇಲ್ಲ. ಹಾಗಂತ ಇನ್ನೂ ಐದು ವರ್ಷ ಮುಂದೂಡುವುದೂ ಬೇಡ. ಪೊರೆ ದಾಟಿ ಜೆಲ್ ಹೊರಬಂದರೆ ಸುತ್ತಲಿನ ಭಾಗಕ್ಕೆ, ಕಂಕುಳ ಲಿಂಫ್ ಗಂಟುಗಳಿಗೆ ಹೋಗುತ್ತದೆ. ಅಲ್ಲಿಂದ ಪೂರ್ತಿ ತೆಗೆಯೋದು ಕಷ್ಟ. ಮನೆ, ರಜೆ, ದುಡ್ಡು ಹೊಂದಿಸಿಕೊಂಡು ಕೆಲವು ವಾರದಲ್ಲಿ ಮಾಡಿಸಿ.

ಎಡಗಡೆಯದ್ದೂ ಅದೇ ವಯಸ್ಸಿನದು, ಅದೇ ಕಂಪನಿಯದು. ಎರಡನ್ನೂ ಒಟ್ಟಿಗೆ ತೆಗೆಯೋದು ರೂಢಿ. ಕಡ್ಡಾಯ ಅಲ್ಲ. ಹೊಸದು ಹಾಕಿಸಿದರೆ ಮತ್ತೆ ಇದೇ ಸುತ್ತು, ಸ್ಕ್ಯಾನ್, ಮುಂದೊಂದು ದಿನ ಇನ್ನೊಂದು ಆಪರೇಷನ್, ಅಷ್ಟು ಗೊತ್ತಿರಲಿ. ಬೇಡ ಅಂದರೆ, ಚರ್ಮ ಹಿಗ್ಗಿರುವುದರಿಂದ ಸ್ವಲ್ಪ ಜೋತು ಬೀಳುತ್ತದೆ, ಮೇಲ್ಭಾಗ ಖಾಲಿ ಖಾಲಿ ಕಾಣುತ್ತದೆ. ಎಷ್ಟು ಅನ್ನೋದು ನಿಮ್ಮ ಚರ್ಮ, ಇಂಪ್ಲಾಂಟ್ ಅಳತೆ, ನಿಮ್ಮದೇ ಎದೆಯ ಭಾಗ ಎಷ್ಟಿದೆ ಅನ್ನೋದರ ಮೇಲೆ. ಲಿಫ್ಟ್, ಅಂದರೆ ಜೋತ ಎದೆಯನ್ನು ಎತ್ತಿ ಕಟ್ಟೋದು, ಮಾಡಬಹುದು, ಹೊಟ್ಟೆ ಅಥವಾ ತೊಡೆಯ ಕೊಬ್ಬು ತೆಗೆದು ತುಂಬಬಹುದು. ಕೊಬ್ಬಿನಲ್ಲಿ ಒಂದಷ್ಟು ಕರಗಿಹೋಗುತ್ತದೆ.

ಮಲ್ಲೇಶ್ವರದ ಮಾಮಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ರಾಣಿ, ನಾನು ಎರಡೂ ತೆಗೆಸಿ ಹೊಸದು ಹಾಕಿಸಲಿಲ್ಲ ಕಣಮ್ಮ. ಮೊದಲ ತಿಂಗಳು ಕನ್ನಡಿ ಮುಂದೆ ನಿಂತರೆ ಅಳು ಬರುತ್ತಿತ್ತು, ಅದನ್ನು ಮುಚ್ಚಿಡಲ್ಲ. ಬಾಡಿದ ಹಾಗೆ ಕಾಣುತ್ತಿತ್ತು. ಆಮೇಲೆ ಚರ್ಮ ಒಂದಷ್ಟು ಹಿಡಿದುಕೊಂಡಿತು, ಆರು ತಿಂಗಳ ಮೇಲೆ ಪರವಾಗಿಲ್ಲ ಅನ್ನಿಸಿತು. ಅದಕ್ಕೇ ನನ್ನ ಸರ್ಜನ್ ಲಿಫ್ಟ್ ತಕ್ಷಣ ಬೇಡ, ಕಾದು ನೋಡೋಣ ಅಂದಿದ್ದರು. ಒಳ್ಳೇದಾಯ್ತು, ಬೇಕಾಗಲಿಲ್ಲ.

ಡ್ರೈನ್ ಟ್ಯೂಬ್ ಇಟ್ಟು ಮನೆಗೆ ಕಳಿಸಿದರು. ಮುಂದೆ ಬಟನ್ ಇರೋ ನೈಟಿ ತೆಗೆದಿಟ್ಟುಕೋ, ತಲೆ ಮೇಲಿಂದ ಹಾಕೋದು ಆಗಲ್ಲ. ಅಡುಗೆಮನೆಯಲ್ಲಿ ಮೇಲಿನ ಶೆಲ್ಫಿನ ಡಬ್ಬಗಳನ್ನೆಲ್ಲಾ ಮೊದಲೇ ಕೆಳಗಿಳಿಸು. ಕುಕ್ಕರ್ ಎತ್ತೋಕೆ ಯಾರಾದರೂ ಇರಲಿ.

ಪಾಲಿಸಿ ಪಾಪಣ್ಣ

ನಾನು ಇನ್ಶೂರೆನ್ಸ್ ಏಜೆಂಟು, ಗಂಡಸು ಇಲ್ಲಿ ಬಂದಿದ್ದಕ್ಕೆ ಬೈಯಬೇಡಿ. ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ ಅಂತ ಬರೆಯುತ್ತಿದ್ದೇನೆ.

ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ಎಲ್ಲಾ ಆರೋಗ್ಯ ಪಾಲಿಸಿಗೂ ಒಂದೇ ಥರದ ಹೊರಗಿಡುವ ಪಟ್ಟಿ ಮಾಡಿದೆ. ಅದರಲ್ಲಿ ಎಕ್ಸ್‌ಕ್ಲೂಷನ್ 08 ಅಂದರೆ ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿ. ಅಂದಕ್ಕೆ ಅಂದರೆ ದುಡ್ಡು ಬರಲ್ಲ. ಆದರೆ ಅದೇ ಸಾಲಿನಲ್ಲಿ ವಿನಾಯಿತಿಯೂ ಇದೆ: ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಮತ್ತೆ ಕಟ್ಟುವುದಕ್ಕೆ, ಇಲ್ಲವೇ ಆರೋಗ್ಯಕ್ಕಿರುವ ನೇರ, ತಕ್ಷಣದ ಅಪಾಯ ತೆಗೆಯೋಕೆ ವೈದ್ಯಕೀಯವಾಗಿ ಬೇಕಾದ ಚಿಕಿತ್ಸೆಗೆ ಇದು ಅನ್ವಯಿಸಲ್ಲ. ಹೂಬಳ್ಳಿ ಮೇಡಂ, ನಿಮ್ಮದು ಕ್ಯಾನ್ಸರ್ ಆದಮೇಲಿನದು. ಮುಂದೆ ಯಾವತ್ತಾದರೂ ಮಾಡಿಸಿದರೆ "ಕಾಸ್ಮೆಟಿಕ್" ಅಂತ ತಳ್ಳಿಹಾಕಿದರೆ ಸುಮ್ನೆ ಬಿಡಬೇಡಿ, ಈ ಸಾಲು ತೋರಿಸಿ. ಪಾಲಿಸಿ ತೆಗೆದುಕೊಳ್ಳುವಾಗ ಹಳೇ ಕಾಯಿಲೆ ಬರೆದಿರಬೇಕು, ಅದು ಮುಖ್ಯ.

ರಾಜಾಜಿನಗರದ ರಾಣಿ

ಪಾಪಣ್ಣೋರೇ, ನನ್ನದು ಒಡೆದಿದೆಯಲ್ಲ, ನನಗೇನಾದರೂ ಬರುತ್ತಾ?

ಪಾಲಿಸಿ ಪಾಪಣ್ಣ

ನಿಮ್ಮದು ಕಷ್ಟ ಮೇಡಂ, ಸುಳ್ಳು ಭರವಸೆ ಕೊಡಲ್ಲ. ಮೊದಲು ಹಾಕಿಸಿದ್ದೇ ಅಂದಕ್ಕೆ ಅಂತ ವಾದ ಮಾಡುತ್ತಾರೆ. ಹೊಸ ಇಂಪ್ಲಾಂಟ್‌ಗಂತೂ ಕೊಡಲ್ಲ. ಒಡೆದಿದ್ದನ್ನು ತೆಗೆಯೋಕೆ ಮಾತ್ರ ಒಂದು ಪ್ರಯತ್ನ ಮಾಡಬಹುದು. ಸರ್ಜನ್ ಹತ್ತಿರ "ರಪ್ಚರ್ ಆಗಿದೆ, ತೆಗೆಯೋದು ವೈದ್ಯಕೀಯ ಅಗತ್ಯ" ಅಂತ ಕಾರಣ ಸಮೇತ ಪತ್ರ ಬರೆಸಿ, ಎಂಆರ್‌ಐ ರಿಪೋರ್ಟ್ ಹಚ್ಚಿ, ಅಡ್ಮಿಟ್ ಆಗೋಕೆ ಮೊದಲೇ ಟಿಪಿಎಗೆ (ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳೋರು) ಪ್ರೀ ಆಥರೈಸೇಷನ್, ಅಂದರೆ ಮುಂಚಿತ ಒಪ್ಪಿಗೆಯ ಅರ್ಜಿ, ಕಳಿಸಿ. ತೆಗೆಯುವ ಬಿಲ್ ಬೇರೆ, ಲಿಫ್ಟೋ ಹೊಸದೋ ಅದರ ಬಿಲ್ ಬೇರೆ ಮಾಡಿಸಿ. ಒಂದೇ ಬಿಲ್ ಆದರೆ ಪೂರ್ತಿ ಹೋಗುತ್ತದೆ. ಇಲ್ಲ ಅಂದರೆ ಕಾರಣ ಬರವಣಿಗೆಯಲ್ಲಿ ಕೇಳಿ.

ಹೊಲಿಗೆ ಡಾಕ್ಟ್ರು

ಇದಕ್ಕೆ ಒಂದು ಸೇರಿಸುತ್ತೇನೆ. ತೆಗೆದ ಇಂಪ್ಲಾಂಟ್‌ನ ಫೋಟೋ, ಸೀರಿಯಲ್ ನಂಬರ್ ಸಮೇತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹಾಕಿಸಿ. ಕಂಪನಿಯ ವಾರಂಟಿ ಏನಾದರೂ ಉಳಿದಿದ್ದರೆ ಅದಕ್ಕೂ ಬೇಕಾಗುತ್ತದೆ. ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳ ತೊಂದರೆ ದಾಖಲಿಸೋಕೆ 2015ರಿಂದ ಮೆಟೀರಿಯೊವಿಜಿಲೆನ್ಸ್ ಪ್ರೋಗ್ರಾಂ ಇದೆ. ಒಡೆದಿದ್ದನ್ನು ಅಲ್ಲಿಗೆ ವರದಿ ಮಾಡಿ ಅಂತ ನಿಮ್ಮ ಸರ್ಜನ್‌ಗೆ ಹೇಳಿ. ನಾವು ಡಾಕ್ಟರುಗಳು ಇದರಲ್ಲಿ ಸೋಮಾರಿಗಳು, ಪೇಷಂಟ್ ಕೇಳಿದರೆ ಮಾಡುತ್ತೇವೆ.

ರಾಜಾಜಿನಗರದ ರಾಣಿ

ಎಲ್ಲಾ ಬರೆದುಕೊಂಡೆ. ಗುರುವಾರ ಸರ್ಜನ್ ಹತ್ತಿರ ಹೋಗುತ್ತಿದ್ದೇನೆ. ಎರಡೂ ತೆಗೆಸೋದು ಗ್ಯಾರಂಟಿ. ಹೊಸದರ ಬಗ್ಗೆ ನನ್ನ ಮನಸ್ಸು ಬೆಳಿಗ್ಗೆ ಒಂದು ಹೇಳುತ್ತದೆ, ಸಂಜೆ ಇನ್ನೊಂದು. ಮಾಮಿ, ನಿಮಗೆ ಮೆಸೇಜ್ ಮಾಡಿದ್ದೇನೆ. ತೆಗೆಸೋ ಮೊದಲಿನ, ಆಮೇಲಿನ ಫೋಟೋ ತೋರಿಸೋಕೆ ನಿಮಗೆ ಅಭ್ಯಂತರ ಇಲ್ಲ ಅಂದರೆ ನೋಡಬೇಕಿತ್ತು. ಇಲ್ಲ ಅಂದರೂ ಬೇಜಾರಿಲ್ಲ.

ಮಲ್ಲೇಶ್ವರದ ಮಾಮಿ

ಫೋಟೋ ಯಾಕೆ, ಶನಿವಾರ ಮನೆಗೇ ಬಾ. ಹೇಳೋದೂ ಬೇಕಾದಷ್ಟಿದೆ.